ಕಾರಿನ ಸ್ಪೀಕರ್ ಡಬ್ಬಿ ಮೇಲಿನ ಅಂಕಿಗಳಿಗೂ ಒಂದು ಇತಿಹಾಸ ಇದೆ

ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಯಾರ ಮನೆಗೆ ಹೊಸದಾಗಿ ಕಾರು ಬಂತು ಅಂತ ಕೇಳಿ ತಿಳಿಯಬೇಕಾಗಿಲ್ಲ. ಮೊದಲ ದಿನ ಪೂಜೆ, ಚಕ್ರದ ಕೆಳಗೆ ನಿಂಬೆಹಣ್ಣು. ಎರಡನೇ ವಾರ ಸೀಟ್ ಕವರ್, ಮ್ಯಾಟ್. ಮೂರನೇ ವಾರ ರಸ್ತೆಯ ಆ ತುದಿಯಿಂದಲೇ "ಧಡ್... ಧಡ್..." ಅಂತ ಶಬ್ದ! ಅಲ್ಲಿಗೆ ಕಾರಿಗೆ "ಸೌಂಡ್" ಹಾಕಿಸಿದ್ದಾಯ್ತು ಅಂತ ಅರ್ಥ.

ಹೊಸ ಕಾರೇ ಆಗಬೇಕಂತಿಲ್ಲ, ಹತ್ತು ವರ್ಷದ ಹಳೇ ಕಾರು ತಗೊಂಡವರದ್ದೂ ಇದೇ ಕಥೆ. ಕಂಪನಿಯವರು ಕೊಟ್ಟ ಸ್ಪೀಕರ್ ಡಬ್ಬದೊಳಗೆ ಕೂತು ಹಾಡಿದ ಹಾಗೆ ಕೇಳುತ್ತೆ, ಬದಲಾಯಿಸೋಣ ಅನ್ಸುತ್ತೆ. ಕೈಯಲ್ಲಿ ಉಳಿದಿರೋದು ಎಂಟು ಹತ್ತು ಸಾವಿರ. ಪಿ.ಬಿ. ರಸ್ತೆ ಕಡೆ ಯಾವುದಾದರೂ ಅಂಗಡಿಗೆ ಹೋದ್ರೆ ಹುಡುಗ ಬಣ್ಣಬಣ್ಣದ ಡಬ್ಬಿಗಳನ್ನ ಸಾಲಾಗಿ ಜೋಡಿಸಿ "ಅಣ್ಣಾ, ಇದು 250 ವ್ಯಾಟು, ಇದು 350 ವ್ಯಾಟ್ ಐತೆ ನೋಡ್ರಿ" ಅಂತಾನೆ. ಡಬ್ಬಿ ಮೇಲೆ ಇನ್ನೂ ಏನೇನೋ ಇರುತ್ತೆ. 4 ಓಮ್ಸ್, 6.5 ಇಂಚು, 90 ಡೆಸಿಬೆಲ್, 2-ವೇ, 3-ವೇ... ನಮಗೆ ಅರ್ಥ ಆಗೋದು ಎರಡೇ ಅಂಕಿ: ವ್ಯಾಟ್ ಮತ್ತು ರೂಪಾಯಿ. ಹಾಗಾಗಿ ಕಡಿಮೆ ರೂಪಾಯಿಗೆ ಹೆಚ್ಚು ವ್ಯಾಟ್ ಯಾವುದರಲ್ಲಿದೆಯೋ ಅದನ್ನ ಎತ್ಕೊಂಡು ಬರ್ತೀವಿ.

ಆದರೆ ಆ ಡಬ್ಬಿ ಮೇಲಿರೋ ಒಂದೊಂದು ಅಂಕಿಯೂ ಯಾವುದೋ ಕಾಲದಲ್ಲಿ, ಯಾರಿಗೋ ಎದುರಾದ ಒಂದು ತೊಂದರೆಯಿಂದ ಹುಟ್ಟಿದ್ದು. ಆ ತೊಂದರೆ ಏನು ಅಂತ ಗೊತ್ತಾದ್ರೆ ಯಾವ ಅಂಕಿಯನ್ನ ನಂಬಬೇಕು, ಯಾವುದನ್ನ ನೋಡಿ ನಕ್ಕು ಸುಮ್ಮನಾಗಬೇಕು ಅನ್ನೋದೂ ಗೊತ್ತಾಗುತ್ತೆ. ಅದಕ್ಕೇ ಈ ಇತಿಹಾಸದ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

ಗಂಟಲಿನಿಂದ ಸುರುಳಿಗೆ

ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ವೀರಪ್ಪನವರ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದ ಹಿರಿಯರು ಇಲ್ಲಿ ಸಿಗೋದು ಕಷ್ಟ. ವೃತ್ತಿರಂಗಭೂಮಿಯ ಆರಂಭದ ಕಾಲದಲ್ಲಿ ಮೈಕ್ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಚಾಪೆ ಮೇಲೆ ಕೂತವನಿಗೂ ಕೇಳೋ ಹಾಗೆ ಹಾಡೋದು ನಟನ ಗಂಟಲಿನ ಜವಾಬ್ದಾರಿ. ಗಂಟಲಿನ ಈ ಭಾರ ಇಳಿಸಿದ್ದು ಲೌಡ್‌ಸ್ಪೀಕರ್.

ಇವತ್ತಿನ ಕಾರಿನ ಸ್ಪೀಕರ್‌ನಲ್ಲಿ ಇರೋದು ಒಂದು ಮ್ಯಾಗ್ನೆಟ್, ಅದರ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕೋನ್. ಸುರುಳಿಯಲ್ಲಿ ಹಾಡಿನ ಕರೆಂಟ್ ಹರಿದಾಗ ಅದು ಹಿಂದೆ ಮುಂದೆ ಓಡಾಡುತ್ತೆ, ಕೋನ್ ಗಾಳಿಯನ್ನ ತಳ್ಳುತ್ತೆ, ನಮಗೆ ಶಬ್ದ ಕೇಳುತ್ತೆ. ಚಲಿಸುವ ಸುರುಳಿಯ ಈ ಉಪಾಯವನ್ನ ಲೌಡ್‌ಸ್ಪೀಕರ್ ಆಗಿ ಜನರ ಮುಂದೆ ತಂದವರಲ್ಲಿ ಮೊದಲಿಗರು ಡೆನ್ಮಾರ್ಕ್‌ನಿಂದ ಅಮೆರಿಕಕ್ಕೆ ಹೋದ ಪೀಟರ್ ಜೆನ್ಸನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡ್‌ಹ್ಯಾಮ್. 1915ರಲ್ಲಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಇವರು ಮಾಡಿದ ಯಂತ್ರಕ್ಕೆ ಇಟ್ಟ ಹೆಸರು ಮ್ಯಾಗ್ನಾವಾಕ್ಸ್, ಅಂದ್ರೆ ದೊಡ್ಡ ದನಿ. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದಲ್ಲಿ ಭಾರೀ ಜನಸ್ತೋಮದ ಮುಂದೆ ಮಾತಾಡಿದ್ದು ಇವರ ಯಂತ್ರದ ಮೂಲಕವೇ.

ಆದರೆ ಅದಕ್ಕೆ ಕಹಳೆ ಇತ್ತು, ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಕಂಬಕ್ಕೆ ಕಟ್ಟೋ ಹಾರ್ನ್ ಥರ. ಜೋರು ಇತ್ತು, ಇಂಪು ಕಡಿಮೆ. ಕಹಳೆ ತೆಗೆದು ಬರೀ ಕೋನ್‌ನಿಂದಲೇ ಸ್ಪಷ್ಟವಾದ ಶಬ್ದ ಬರಿಸೋದು ಹೇಗೆ ಅಂತ ತೋರಿಸಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್. ಅವರ ಪ್ರಬಂಧ ಬಂದಿದ್ದು 1925ರಲ್ಲಿ. ನೂರು ವರ್ಷ ಆಯ್ತು, ಇವತ್ತಿಗೂ ನಿಮ್ಮ ಕಾರಿನ ಬಾಗಿಲಲ್ಲಿರೋದು ಮೂಲದಲ್ಲಿ ಅದೇ ವಿನ್ಯಾಸ! ಸುರುಳಿ ಮತ್ತು ಮ್ಯಾಗ್ನೆಟ್ ನಡುವಿನ ಸಂದಿ ಬಹಳ ಕಿರಿದು, ಒಂದು ಮಿಲಿಮೀಟರಿಗಿಂತಲೂ ಕಡಿಮೆ ಇರುತ್ತೆ. ಸುರುಳಿ ಒಂಚೂರು ಓರೆಯಾದ್ರೂ ಉಜ್ಜಿ ಕರಕರ ಅನ್ನುತ್ತೆ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ಕೆಲಸ ಮಾಡಿದ ಹಿರಿಯರಿಗೆ ಈ ಅಳತೆಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ತೀರಾ ಅಗ್ಗದ ಸ್ಪೀಕರ್ ಆರು ತಿಂಗಳಲ್ಲಿ ಕರಕರ ಅನ್ನೋಕೆ ಶುರು ಮಾಡೋದಕ್ಕೆ ಇದೂ ಒಂದು ಕಾರಣ.

ರೈಸ್ ಮತ್ತು ಕೆಲ್ಲಾಗ್ ಅವರ ಕೆಲಸದಲ್ಲಿ ಇನ್ನೊಂದು ವಿಷಯ ಇತ್ತು. ಕೋನ್ ಮುಂದೆ ಹೋದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತೆ, ಅದೇ ಕ್ಷಣಕ್ಕೆ ಹಿಂದಿನ ಗಾಳಿ ಸಡಿಲ ಆಗುತ್ತೆ. ಇವೆರಡೂ ಸುತ್ತು ಬಳಸಿ ಒಂದನ್ನೊಂದು ಸೇರಿದ್ರೆ ಪರಸ್ಪರ ಅಳಿಸಿ ಹಾಕ್ತವೆ, ಅದರಲ್ಲೂ ಬೇಸ್ ಪೂರ್ತಿ ಮಾಯ. ಅದಕ್ಕೇ ಮುಂದಿನ ಮತ್ತು ಹಿಂದಿನ ಗಾಳಿಯ ನಡುವೆ ಒಂದು ಅಡ್ಡಗೋಡೆ ಬೇಕು. ಸ್ಪೀಕರನ್ನ ಬರಿಗೈಲಿ ಹಿಡಿದು ಹಾಡು ಹಾಕಿ ನೋಡಿ, ಸೊಳ್ಳೆ ಹಾಡಿದ ಹಾಗೆ ಕೇಳುತ್ತೆ. ಅದನ್ನೇ ಒಂದು ದೊಡ್ಡ ರಟ್ಟಿಗೆ ತೂತು ಕೊರೆದು ಕೂರಿಸಿ, ತಬಲಾ ಕೇಳೋಕೆ ಶುರುವಾಗುತ್ತೆ. ಈ ಅಡ್ಡಗೋಡೆಯ ವಿಷಯವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾರೊಳಗೆ ಬಂದ ರೇಡಿಯೋ

1930ರಲ್ಲಿ ಷಿಕಾಗೋದ ಪಾಲ್ ಗ್ಯಾಲ್ವಿನ್ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಮಳಿಗೆ ಹಾಕೋಕೆ ದುಡ್ಡಿಲ್ಲ. ಕಾರನ್ನ ಹೊರಗೆ ನಿಲ್ಲಿಸಿ ರೇಡಿಯೋ ಹಚ್ಚಿದ. ಜನ ಬಂದು ಕೇಳಿದ್ರು, ಆರ್ಡರ್ ಕೊಟ್ರು. ಮೋಟಾರು ಅನ್ನೋದಕ್ಕೆ ಆಗಿನ ಗ್ರಾಮಫೋನುಗಳ ಹೆಸರಿನ ಕೊನೆಯಲ್ಲಿ ಬರ್ತಿದ್ದ "ಓಲಾ" ಸೇರಿಸಿ ಇಟ್ಟ ಹೆಸರು ಮೋಟೊರೋಲಾ. ಹೌದು, ಮುಂದೆ ಮೊಬೈಲ್ ಮಾಡಿದ ಅದೇ ಮೋಟೊರೋಲಾ! ಆ ರೇಡಿಯೋದ ಬೆಲೆ 110ರಿಂದ 130 ಡಾಲರ್, ಅಂದ್ರೆ ಆಗಿನ ಒಂದು ಸಾಧಾರಣ ಕಾರಿನ ಬೆಲೆಯ ಹತ್ತಿರ ಹತ್ತಿರ ಐದನೇ ಒಂದು ಭಾಗ.

ಆಗ ತೊಂದರೆ ಸ್ಪೀಕರ್‌ನದ್ದಲ್ಲ, ಕರೆಂಟಿನದ್ದು. ರೇಡಿಯೋದ ವಾಲ್ವ್‌ಗಳಿಗೆ ನೂರಾರು ವೋಲ್ಟ್ ಬೇಕು, ಕಾರಿನ ಬ್ಯಾಟರಿ ಆರೇ ವೋಲ್ಟ್. ಮೇಲಾಗಿ ಎಂಜಿನ್ ಪ್ಲಗ್ ಒಂದೊಂದು ಸಲ ಕಿಡಿ ಹಾರಿಸಿದಾಗಲೂ ರೇಡಿಯೋದಲ್ಲಿ ಪಟಪಟ ಸದ್ದು. ಈ ಎರಡನ್ನೂ ಪಳಗಿಸೋದರಲ್ಲೇ ಇಪ್ಪತ್ತೈದು ವರ್ಷ ಹೋಯ್ತು. 1955ರಲ್ಲಿ ಫಿಲ್ಕೋ ಕಂಪನಿ ಕ್ರೈಸ್ಲರ್ ಕಾರುಗಳಿಗಾಗಿ ಪೂರ್ತಿ ಟ್ರಾನ್ಸಿಸ್ಟರ್‌ನ ರೇಡಿಯೋ ಮಾಡಿದ ಮೇಲೆ ವಾಲ್ವ್‌ಗಳ ಕಾಟ ತಪ್ಪುತ್ತಾ ಬಂತು. ಬ್ಯಾಟರಿಗಳೂ ಆ ಹೊತ್ತಿಗೆ 12 ವೋಲ್ಟ್ ಆಗ್ತಾ ಇದ್ವು. ಈ 12 ವೋಲ್ಟ್ ಅನ್ನೋ ಅಂಕಿಯನ್ನೂ ನೆನಪಿಟ್ಟುಕೊಳ್ಳಿ.

ನಮ್ಮ ಕಡೆ ಏನಾಗ್ತಿತ್ತು? 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ "ಆಕಾಶವಾಣಿ" ಶುರು ಮಾಡಿದ್ದು ಎಲ್ಲರಿಗೂ ಗೊತ್ತಿರೋ ಹೆಮ್ಮೆಯ ಕಥೆ. ಧಾರವಾಡ ನಿಲಯ 1950ರಲ್ಲಿ ಬಂತು. ದಾವಣಗೆರೆ ಸೀಮೆಗೆ ಹತ್ತಿರದ ದನಿ ಅಂದ್ರೆ 1965ರಲ್ಲಿ ಶುರುವಾದ ಭದ್ರಾವತಿ. ರೇಡಿಯೋ ಇಟ್ಟುಕೊಳ್ಳೋಕೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪದ್ಧತಿ ಹೋಗಿದ್ದು 1980ರ ದಶಕದಲ್ಲಿ. ಅಂಬಾಸಿಡರ್, ಫಿಯೆಟ್ ಕಾರು ಇದ್ದವರೇ ಕಡಿಮೆ, ಅದರಲ್ಲಿ ರೇಡಿಯೋ ಇದ್ದವರು ಇನ್ನೂ ಕಡಿಮೆ. ಇದ್ದವರಿಗೂ ಡ್ಯಾಶ್‌ಬೋರ್ಡ್ ಹತ್ತಿರ ಒಂದೇ ಒಂದು ಸ್ಪೀಕರ್.

ಅದು ಸಾಕಾಗ್ತಿತ್ತು ಕೂಡಾ! ಯಾಕಂದ್ರೆ ಮಧ್ಯಮ ತರಂಗದ ಪ್ರಸಾರದಲ್ಲಿ ಸುಮಾರು ನಾಲ್ಕೈದು ಸಾವಿರ ಹರ್ಟ್ಜ್‌ಗಿಂತ ಮೇಲಿನ ಸದ್ದು ನಮ್ಮ ತನಕ ಬರೋದೇ ಇಲ್ಲ. ವಾರ್ತೆ ಓದುವವರ ದನಿ, ಮಧ್ಯಾಹ್ನದ ಚಿತ್ರಗೀತೆ ಎಲ್ಲ ಚೆನ್ನಾಗಿ ಕೇಳುತ್ತೆ, ಆದರೆ ಗೆಜ್ಜೆಯ ಕಿಣಿಕಿಣಿ, ತಾಳದ ಕೊನೆಯ ನಾದ ಕೇಳಲ್ಲ. ಕಳಿಸದೇ ಇರೋ ಸದ್ದನ್ನ ಯಾವ ದುಬಾರಿ ಸ್ಪೀಕರ್ ತಾನೇ ಕೊಟ್ಟೀತು? ಹಾಡು ಎಲ್ಲಿಂದ ಬರ್ತಿದೆಯೋ ಅದಕ್ಕಿಂತ ಚೆನ್ನಾಗಿ ಸ್ಪೀಕರ್ ಹಾಡಲಾರದು. ಇತಿಹಾಸ ಕಲಿಸೋ ಮೊದಲ ಪಾಠ ಇದು.

ಟೇಪು ಬಂತು, ಸ್ಪೀಕರ್ ಹಿಂದಕ್ಕೆ ಹೋಯ್ತು

ಕಾರಿನಲ್ಲಿ ನಮಗೆ ಬೇಕಾದ ಹಾಡು ನಾವೇ ಹಾಕಿಕೊಳ್ಳಬೇಕು ಅನ್ನೋ ಆಸೆ ಹಳೇದು. 1956ರ ಮಾಡೆಲ್‌ನ ಕ್ರೈಸ್ಲರ್ ಕಾರುಗಳಲ್ಲಿ "ಹೈವೇ ಹೈ-ಫೈ" ಅಂತ ಗ್ರಾಮಫೋನನ್ನೇ ಡ್ಯಾಶ್‌ಬೋರ್ಡ್ ಕೆಳಗೆ ಇಟ್ಟಿದ್ರು! ಅದಕ್ಕೆ ಅಂತಲೇ ನಿಧಾನ ತಿರುಗೋ ಬೇರೆ ತಟ್ಟೆಗಳು. ಹೆಚ್ಚು ದಿನ ಬಾಳಲಿಲ್ಲ. ನಮ್ಮ ರಸ್ತೆ ಹಂಪುಗಳ ಮೇಲೆ ಅದು ಒಂದು ಪಲ್ಲವಿಯನ್ನೂ ಮುಗಿಸ್ತಿರಲಿಲ್ಲ ಬಿಡಿ. ಆಮೇಲೆ ಫೋರ್ಡ್ ಕಾರುಗಳಲ್ಲಿ 8-ಟ್ರ್ಯಾಕ್ ಟೇಪು ಬಂತು. ಕೊನೆಗೆ ಗೆದ್ದಿದ್ದು ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಪುಟ್ಟ ಕ್ಯಾಸೆಟ್.

ಕನ್ನಡದಲ್ಲಿ ಕ್ಯಾಸೆಟ್ ಯುಗ ಅಂದ್ರೆ 1978ರ "ನಿತ್ಯೋತ್ಸವ" ನೆನಪಾಗಲೇಬೇಕು. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಭಾವಗೀತೆಗಳು ಸಭಾಂಗಣದಿಂದ ಮನೆಗೆ, ಮನೆಯಿಂದ ಕಾರಿಗೆ ಬರೋಕೆ ದಾರಿ ಆಗಿದ್ದು ಇಂಥ ಕ್ಯಾಸೆಟ್‌ಗಳಿಂದಲೇ. ಅದಾಗಿ ಐದು ವರ್ಷಕ್ಕೆ, 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಮಧ್ಯಮ ವರ್ಗದವರ ಮನೆ ಮುಂದೆ ಕಾರು ನಿಲ್ಲೋಕೆ ಶುರುವಾಯ್ತು. ಕಾರು ಮತ್ತು ಕ್ಯಾಸೆಟ್ ಎರಡೂ ಒಟ್ಟಿಗೆ ಕೈಗೆಟುಕಿದಾಗ "ಕಾರ್ ಸ್ಟೀರಿಯೋ ಹಾಕಿಸೋದು" ಅನ್ನೋ ಹೊಸ ಕಸುಬೇ ಹುಟ್ಟಿಕೊಳ್ತು. ಬೆಂಗಳೂರಿನ ಜೆ.ಸಿ. ರಸ್ತೆ ಅದಕ್ಕೆ ಹೆಸರಾಯ್ತು. ನಮ್ಮೂರಿನ ವೈರಿಂಗ್ ಅಂಗಡಿಗಳೂ ನೋಡಿ ಕಲಿತವು.

ಆದರೆ ಸ್ಪೀಕರ್ ಎಲ್ಲಿ ಇಡೋದು? ಚಿಕ್ಕ ಕಾರು, ಬಾಗಿಲಲ್ಲಿ ಜಾಗ ಇಲ್ಲ. ಹಿಂದಿನ ಗಾಜಿನ ಕೆಳಗೆ ಒಂದು ಪ್ಲೈವುಡ್ ಹಲಗೆ ಹಾಕಿ, ಅದಕ್ಕೆ ಎರಡು ತೂತು ಕೊರೆದು, ಮೊಟ್ಟೆ ಆಕಾರದ 6×9 ಸ್ಪೀಕರ್ ಕೂರಿಸಿದ್ರು. ಮೊಟ್ಟೆ ಆಕಾರ ಅಂದಕ್ಕಲ್ಲ. ಹಲಗೆ ಉದ್ದ ಇದೆ, ಅಗಲ ಇಲ್ಲ. ಆ ಇಕ್ಕಟ್ಟಿನಲ್ಲೇ ಹೆಚ್ಚು ಕೋನ್ ಹಿಡಿಸಬೇಕು. ಲೆಕ್ಕ ಹಾಕಿ: 6×9 ಅಂಡಾಕಾರದ ವಿಸ್ತೀರ್ಣ ಸುಮಾರು 42 ಚದರ ಇಂಚು, 6.5 ಇಂಚಿನ ಗುಂಡಗಿನದು ಸುಮಾರು 33. ಹೆಚ್ಚು ಕೋನ್ ಅಂದ್ರೆ ಹೆಚ್ಚು ಗಾಳಿ, ಹೆಚ್ಚು ಬೇಸ್.

ಒಂದೇ ಚೌಕಟ್ಟಿನಲ್ಲಿ ದೊಡ್ಡ ಕೋನ್, ಅದರ ನಡುವೆ ಚಿಕ್ಕ ಟ್ವೀಟರ್ ಇಡೋ ಕ್ರಮಕ್ಕೆ ಕೊಆಕ್ಸಿಯಲ್ ಅಂತಾರೆ. ಸ್ಟುಡಿಯೋಗಳಲ್ಲಿ 1940ರ ದಶಕದಿಂದಲೂ ಇದು ಇತ್ತು. ಕಾರಿನಲ್ಲಿ ಇದನ್ನ ಮನೆಮಾತು ಮಾಡಿದ್ದು 1970ರ ದಶಕದ ಜೆನ್ಸನ್ ಸ್ಪೀಕರ್‌ಗಳು. ಹೌದು, 1915ರ ಅದೇ ಪೀಟರ್ ಜೆನ್ಸನ್ ಮುಂದೆ ತನ್ನ ಹೆಸರಲ್ಲೇ ಕಟ್ಟಿದ ಕಂಪನಿ. ಡಬ್ಬಿ ಮೇಲಿನ 2-ವೇ, 3-ವೇ ಅಂದ್ರೆ ಇಷ್ಟೇ, ಸದ್ದನ್ನ ಎಷ್ಟು ಜನ ಹಂಚಿಕೊಂಡು ಹಾಡ್ತಾರೆ ಅನ್ನೋ ಲೆಕ್ಕ. ಚೆನ್ನಾಗಿ ಹಾಡೋ ಇಬ್ಬರು ಸುಮಾರಾಗಿ ಹಾಡೋ ನಾಲ್ವರಿಗಿಂತ ಮೇಲು ಅಲ್ವಾ? ಅಗ್ಗದ 4-ವೇ ನೋಡಿ ಮರುಳಾಗಬೇಡಿ.

ಹಿಂದಿನ ಹಲಗೆಯ ಈ ಪದ್ಧತಿ ನಮ್ಮಲ್ಲಿ ಎಷ್ಟು ಬೇರೂರಿತು ಅಂದ್ರೆ ಬಾಗಿಲಲ್ಲಿ ಜಾಗ ಇರೋ ಕಾರು ಬಂದ ಮೇಲೂ ಜನ ಮೊದಲ ದುಡ್ಡು ಹಾಕೋದು ಹಿಂದಕ್ಕೇ. ಆದರೆ ಯೋಚನೆ ಮಾಡಿ, ನಾಟಕ ನೋಡುವಾಗ ಯಾರಾದರೂ ರಂಗಕ್ಕೆ ಬೆನ್ನು ಹಾಕಿ ಕೂರ್ತಾರಾ? ಹಾಡುಗಾರ ಎದುರಿಗಿರಬೇಕು. ಹಿಂದಿನ ಸ್ಪೀಕರ್ ಅನ್ನೋದು ಜಾಗ ಇಲ್ಲದ ಕಾಲದ ಅನಿವಾರ್ಯ, ಸಂಗೀತದ ನಿಯಮ ಅಲ್ಲ.

350 ವ್ಯಾಟ್‌ನ ರಹಸ್ಯ

ಈಗ ಎಲ್ಲಕ್ಕಿಂತ ದೊಡ್ಡ ಅಂಕಿಗೆ ಬರೋಣ. 1990ರ ದಶಕದಲ್ಲಿ ಟೂ-ಇನ್-ಒನ್ ಕೊಂಡವರಿಗೆ "ಪಿಎಂಪಿಒ" ಅನ್ನೋ ನಾಲ್ಕಕ್ಷರ ನೆನಪಿರಬಹುದು. ಅಂಗೈ ಅಗಲದ ಸ್ಪೀಕರ್ ಇರೋ ಡಬ್ಬಕ್ಕೆ 1000 ವ್ಯಾಟ್ ಪಿಎಂಪಿಒ ಅಂತ ಚೀಟಿ! ಅದಕ್ಕೆ ಎಲ್ಲರೂ ಒಪ್ಪಿದ ಅಳತೆ ಅಂತ ಯಾವುದೂ ಇರಲಿಲ್ಲ. ಬರೆದವನು ಬರೆದಿದ್ದೇ ಅಂಕಿ.

ಅಮೆರಿಕದಲ್ಲೂ ಇದೇ ಹಾವಳಿ ಮೊದಲೇ ಆಗಿತ್ತು. ಅದಕ್ಕೇ 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂತು. ಆಂಪ್ಲಿಫೈಯರ್ ಮಾರೋರು ಕ್ಷಣಮಾತ್ರದ ಅಂಕಿ ಹೇಳಿದ್ರೆ ಸಾಲದು, ನಿರಂತರವಾಗಿ ಕೊಡಬಲ್ಲ ವ್ಯಾಟ್ ಎಷ್ಟು ಅಂತ ಹೇಳಬೇಕು. ಆದರೆ ಆ ನಿಯಮ ಮನೆಯ ಆಂಪ್ಲಿಫೈಯರ್‌ಗಳಿಗೆ ಮಾತ್ರ, ಕಾರು ಹೊರಗೇ ಉಳೀತು! ಕಾರಿನ ಸ್ಟೀರಿಯೋ ಮತ್ತು ಆಂಪ್ಲಿಫೈಯರ್‌ಗಳಿಗೆ ಸಿಇಎ-2006 ಅನ್ನೋ ಮಾನದಂಡ ಬಂದಿದ್ದು 2003ರಲ್ಲಿ. ಅದೂ ಕಡ್ಡಾಯ ಅಲ್ಲ, ಇಷ್ಟ ಇದ್ದ ಕಂಪನಿಗಳು ಪಾಲಿಸಬಹುದು. ಮೂವತ್ತು ವರ್ಷದ ಈ ಬಿಟ್ಟ ಜಾಗದಲ್ಲೇ ಕಾರ್ ಆಡಿಯೋದ ದೊಡ್ಡ ದೊಡ್ಡ ಅಂಕಿಗಳು ಹುಲುಸಾಗಿ ಬೆಳೆದವು.

ನಿಜವಾದ ಲೆಕ್ಕ ಏನು? ಎಂಜಿನ್ ಓಡುವಾಗ ಕಾರಿನಲ್ಲಿ ಇರೋದು ಹೆಚ್ಚೂಕಡಿಮೆ 14.4 ವೋಲ್ಟ್. ಸ್ಪೀಕರ್ 4 ಓಮ್ಸ್. 14.4ನ್ನ 14.4ರಿಂದ ಗುಣಿಸಿ 4ರಿಂದ ಭಾಗಿಸಿದ್ರೆ ಸುಮಾರು 52. ಸ್ಟೀರಿಯೋ ಮುಖದ ಮೇಲಿರೋ "4×50 ವ್ಯಾಟ್" ಬಂದಿದ್ದು ಇಲ್ಲಿಂದ! ಆದರೆ ಇದು ಹಾಡು ಪೂರ್ತಿ ಒಡೆದು ಕರ್ಕಶ ಆದಾಗಿನ ಅಂಕಿ. ಶುದ್ಧವಾದ ಸ್ವರಕ್ಕೆ ಅದರ ಅರ್ಧ, 26. ಒಳಗಿನ ಚಿಪ್ ಒಂಚೂರು ತಾನೇ ತಿಂದು ಹಾಕಿದ ಮೇಲೆ ನಿಮ್ಮ ಸ್ಪೀಕರಿಗೆ ಸಿಗೋದು 18ರಿಂದ 20 ವ್ಯಾಟ್. 4 ಓಮ್ಸ್ ಯಾಕೆ ಅನ್ನೋದೂ ಇದರಲ್ಲೇ ಇದೆ. ಮನೆಯ ಸ್ಪೀಕರ್ ಥರ 8 ಓಮ್ಸ್ ಇಟ್ಟಿದ್ರೆ ಈ 20 ವ್ಯಾಟ್ ಕೂಡಾ ಅರ್ಧ ಆಗ್ತಿತ್ತು. ವೋಲ್ಟ್ ಹೆಚ್ಚಿಸೋಕೆ ಆಗಲ್ಲ, ಹಾಗಾಗಿ ಓಮ್ಸ್ ಇಳಿಸಿದ್ರು. ಬಡವನ ಮನೆ ಲೆಕ್ಕ!

ಈಗ ಹೇಳಿ, 20 ವ್ಯಾಟ್ ಕೊಡೋ ಸ್ಟೀರಿಯೋಗೆ 350 ವ್ಯಾಟ್ ಸ್ಪೀಕರ್ ಹಾಕಿದ್ರೆ ಏನಾಗುತ್ತೆ? ಸ್ಪೀಕರ್ ಮೇಲಿನ ವ್ಯಾಟ್ ಅದು ಕೊಡೋ ಶಕ್ತಿ ಅಲ್ಲ, ಸುಟ್ಟು ಹೋಗದೆ ತಡ್ಕೊಳ್ಳೋ ಶಕ್ತಿ. ಎಷ್ಟು ಕ್ವಿಂಟಾಲ್ ಹಿಡಿಸುತ್ತೆ ಅಂತ ಚೀಲದ ಮೇಲೆ ಬರೆದಿರೋದಕ್ಕೂ, ಅದರೊಳಗೆ ಎಷ್ಟು ಜೋಳ ಇದೆ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? ಹಾಗೇ ಇದು.

ನೀವು ನೋಡಬೇಕಾದ ಅಂಕಿ ಡಬ್ಬಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಅದೇ ಸೆನ್ಸಿಟಿವಿಟಿ, ಡೆಸಿಬೆಲ್‌ನಲ್ಲಿ. ಸ್ವಲ್ಪ ಕರೆಂಟಿಗೆ ಎಷ್ಟು ಸದ್ದು ಕೊಡುತ್ತೆ ಅನ್ನೋ ಮೈಲೇಜ್ ಲೆಕ್ಕ ಇದು. ಮೂರು ಡೆಸಿಬೆಲ್ ಹೆಚ್ಚಿದ್ರೆ ಅರ್ಧ ವ್ಯಾಟ್‌ಗೇ ಅಷ್ಟೇ ಸದ್ದು ಬರುತ್ತೆ. ಅಂದ್ರೆ 90 ಡೆಸಿಬೆಲ್‌ನ ಸ್ಪೀಕರ್ 20 ವ್ಯಾಟ್‌ನಲ್ಲಿ ಹಾಡೋದನ್ನ 87 ಡೆಸಿಬೆಲ್‌ನದು ಹಾಡೋಕೆ 40 ವ್ಯಾಟ್ ಬೇಕು. ಕಂಪನಿ ಸ್ಟೀರಿಯೋ ಇಟ್ಟುಕೊಂಡೇ ಸ್ಪೀಕರ್ ಬದಲಾಯಿಸೋರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಆಮೇಲೆ "ಆರ್‌ಎಂಎಸ್ ಎಷ್ಟು?" ಅಂತ ಕೇಳಿ. ಅದೇ ನಿರಂತರ ತಡ್ಕೊಳ್ಳೋ ನಿಜವಾದ ವ್ಯಾಟ್. 350ರ ಡಬ್ಬಿಯಲ್ಲಿ ಆರ್‌ಎಂಎಸ್ 50 ಅಂತ ಇದ್ರೂ ಆಶ್ಚರ್ಯ ಪಡಬೇಡಿ. ಎರಡೂ ಅಂಕಿ ಬರೆಯದ ಡಬ್ಬಿಯನ್ನ ವಾಪಸ್ ಅಲ್ಲೇ ಇಡಿ.

ಕಾರೇ ಕೋಣೆ

ಇಷ್ಟೆಲ್ಲ ಆದ ಮೇಲೂ ಒಂದು ದೊಡ್ಡ ಪ್ರಶ್ನೆ ಉಳಿದಿತ್ತು. ಮನೆಯಲ್ಲಿ ಚೆನ್ನಾಗಿ ಹಾಡೋ ಸ್ಪೀಕರ್ ಕಾರಿನಲ್ಲಿ ಯಾಕೆ ಸಪ್ಪೆ? ಇದಕ್ಕೆ ಉತ್ತರ ಎರಡು ಕಡೆಯಿಂದ ಬಂತು.

ಒಂದು, ಆಸ್ಟ್ರೇಲಿಯಾದಿಂದ. ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಬರೆದ ಪ್ರಬಂಧಗಳು ಸ್ಪೀಕರ್ ಮತ್ತು ಅದರ ಪೆಟ್ಟಿಗೆ ಎರಡನ್ನೂ ಒಂದೇ ವ್ಯವಸ್ಥೆ ಅಂತ ಲೆಕ್ಕ ಹಾಕೋದನ್ನ ಕಲಿಸಿದವು. ಪೆಟ್ಟಿಗೆ ಬದಲಾದ್ರೆ ಅದೇ ಸ್ಪೀಕರ್‌ನ ಬೇಸ್ ಬದಲಾಗುತ್ತೆ. ಕಾರಿನಲ್ಲಿ ಪೆಟ್ಟಿಗೆ ಯಾವುದು? ಬಾಗಿಲು!

ಎರಡು, ಅಮರ್ ಬೋಸ್ ಅವರಿಂದ. ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು, ಮಗ ಎಂಐಟಿಯಲ್ಲಿ ಪ್ರಾಧ್ಯಾಪಕ. ಅವರ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ 1983ರ ಮಾಡೆಲ್‌ನ ಕ್ಯಾಡಿಲಾಕ್ ಮುಂತಾದ ಕಾರುಗಳಿಗೆ ಮಾಡಿದ ವ್ಯವಸ್ಥೆಯ ವಿಶೇಷ ಸ್ಪೀಕರ್ ದೊಡ್ಡದಿತ್ತು ಅನ್ನೋದಲ್ಲ. ಆ ಕಾರಿನ ಗಾಜು, ಸೀಟು, ಕೂರೋ ಜಾಗ ಎಲ್ಲವನ್ನೂ ಅಳೆದು ಆ ಕಾರಿಗೆ ಅಂತಲೇ ಸದ್ದನ್ನ ಹೊಂದಿಸಿದ್ದು ವಿಶೇಷ. ಇವತ್ತು ದುಬಾರಿ ಕಾರುಗಳಲ್ಲಿ ಬರೋ ಹೆಸರಾಂತ ಕಂಪನಿಗಳ ಆಡಿಯೋ ಎಲ್ಲ ಇದೇ ದಾರಿಯಲ್ಲಿ ಬಂದಿದ್ದು.

ಈಗ ರೈಸ್ ಮತ್ತು ಕೆಲ್ಲಾಗ್ ಅವರ ಅಡ್ಡಗೋಡೆಯನ್ನ ನೆನಪಿಸಿಕೊಳ್ಳಿ. ನಮ್ಮ ಸಾಧಾರಣ ಕಾರಿನ ಡೋರ್ ಪ್ಯಾಡ್ ಬಿಚ್ಚಿ ನೋಡಿದ್ರೆ ಒಳಗಿನ ತಗಡಿನ ತುಂಬ ದೊಡ್ಡ ದೊಡ್ಡ ತೂತುಗಳು, ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಹಿಂದಿನ ಗಾಳಿ ಆ ತೂತುಗಳಿಂದ ಆರಾಮಾಗಿ ಮುಂದಕ್ಕೆ ಬಂದು ಬೇಸನ್ನ ಅಳಿಸಿ ಹಾಕುತ್ತೆ. ತಗಡು ಬೇರೆ ತಾನೇ ನಡುಗಿ ಡಬಡಬ ಅನ್ನುತ್ತೆ. 1925ರಲ್ಲೇ ಗೊತ್ತಿದ್ದ ತೊಂದರೆ ನಮ್ಮ ಬಾಗಿಲೊಳಗೆ ಇನ್ನೂ ಹಾಗೇ ಇದೆ! ಇದಕ್ಕೆ ಮದ್ದು 350 ವ್ಯಾಟ್ ಅಲ್ಲ, ಡ್ಯಾಂಪಿಂಗ್ ಶೀಟ್. ರಬ್ಬರಿನಂಥ ಅಂಟಿನ ಮೇಲೆ ಅಲ್ಯೂಮಿನಿಯಂ ಹಾಳೆ ಇರೋ ಶೀಟನ್ನ ತಗಡಿಗೆ ಅಂಟಿಸಿ, ತೂತುಗಳನ್ನ ಮುಚ್ಚಿ (ನೀರು ಇಳಿದು ಹೋಗೋ ಕೆಳಗಿನ ಸಣ್ಣ ಕಂಡಿಗಳನ್ನ ಮಾತ್ರ ಬಿಟ್ಟು), ಸ್ಪೀಕರನ್ನ ಅಲ್ಲಾಡದ ಹಾಗೆ ಗಟ್ಟಿ ರಿಂಗ್ ಮೇಲೆ ಕೂರಿಸಿದ್ರೆ ಸಾಧಾರಣ ಸ್ಪೀಕರ್ ಕೂಡಾ ಬೇರೆಯೇ ದನಿಯಲ್ಲಿ ಹಾಡುತ್ತೆ.

ಬಾಗಿಲೊಳಗೆ ಮಳೆ ನೀರು ಇಳಿಯುತ್ತೆ, ಬಿಸಿಲಲ್ಲಿ ನಿಂತ ಕಾರು ಒಲೆ ಆಗುತ್ತೆ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ! ಬರೀ ಕಾಗದದ ಕೋನ್ ತೇವಕ್ಕೆ ಸೊರಗುತ್ತೆ, ಅಂಚಿನ ಫೋಮ್ ಪುಡಿಯಾಗುತ್ತೆ. ಇದಕ್ಕೆ ಒಂದು ಒಳ್ಳೇ ಉತ್ತರ 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಸ್ಟುಡಿಯೋ ಸ್ಪೀಕರ್‌ಗಳಿಗಾಗಿ ರೂಪಿಸಿದ ಪಾಲಿಪ್ರೊಪಿಲೀನ್ ಕೋನ್. ಕಾರಿಗೆ ಅದು ಹೇಳಿ ಮಾಡಿಸಿದ ಹಾಗಾಯ್ತು. ಆ ಕೋನ್, ಸುತ್ತ ರಬ್ಬರ್ ಅಂಚು, ಇಷ್ಟಿದ್ರೆ ಬಾಳಿಕೆ ಬಗ್ಗೆ ಚಿಂತೆ ಕಡಿಮೆ.

ಹಾಗಾದ್ರೆ ಹೊಸಬರು ಏನು ಮಾಡಬೇಕು?

ಮೇಲಿನ ಕಥೆಯನ್ನೆಲ್ಲ ಅಂಗಡಿ ಬಾಗಿಲ ತನಕ ತಗೊಂಡು ಹೋದ್ರೆ ಹೀಗಾಗುತ್ತೆ.

ಮೊದಲು ಹಾಡು ಸರಿ ಮಾಡಿಕೊಳ್ಳಿ. ಒಂದೇ ಪೆನ್‌ಡ್ರೈವ್‌ಗೆ ಸಾವಿರ ಹಾಡು ತುಂಬಿಸೋಕೆ ಹಿಂಡಿ ಹಿಪ್ಪೆ ಮಾಡಿದ ಎಂಪಿ3 ಹಾಕಿ, ಸ್ಪೀಕರ್ ಸರಿ ಇಲ್ಲ ಅನ್ನೋದು ಅನ್ಯಾಯ. ನಿಮಗೆ ಚೆನ್ನಾಗಿ ಗೊತ್ತಿರೋ ಎರಡು ಹಾಡು, ಒಳ್ಳೇ ಗುಣಮಟ್ಟದ್ದು, ಅಂಗಡಿಗೆ ತಗೊಂಡು ಹೋಗಿ. ಅಂಗಡಿಯವನು ಹಾಕೋ ಧಡಧಡ ಹಾಡು ಕೇಳಿ ತೀರ್ಮಾನ ಮಾಡಬೇಡಿ. ಅವನ ಗೋಡೆಯ ಹಲಗೆ ನಿಮ್ಮ ಕಾರಿನ ಬಾಗಿಲಲ್ಲ ಅನ್ನೋದೂ ನೆನಪಿರಲಿ.

ದುಡ್ಡು ಹತ್ತು ಸಾವಿರ ಇದ್ರೆ ಎಲ್ಲವನ್ನೂ ಸ್ಪೀಕರ್‌ಗೇ ಸುರಿಯಬೇಡಿ. ಮುಂದಿನ ಎರಡು ಬಾಗಿಲಿಗೆ ಒಂದು ಒಳ್ಳೇ ಜೋಡಿ, ಅದೇ ಎರಡು ಬಾಗಿಲಿಗೆ ಡ್ಯಾಂಪಿಂಗ್. ಹಿಂದಿನದು ಕಂಪನಿಯದ್ದೇ ಇರಲಿ, ಇಲ್ಲದಿದ್ರೂ ಪರವಾಗಿಲ್ಲ. ಟ್ವೀಟರ್ ಬೇರೆ ಇರೋ ಕಾಂಪೊನೆಂಟ್ ಜೋಡಿ ಹಾಕಿಸಿದ್ರೆ ಹಾಡು ಕಾಲಬುಡದಿಂದ ಮೇಲೆದ್ದು ಎದುರಿಗೆ ಬಂದ ಹಾಗಿರುತ್ತೆ. ಆದರೆ ಕೂರಿಸೋ ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಮೊದಲ ಸಲಕ್ಕೆ ಒಳ್ಳೇ 2-ವೇ ಕೊಆಕ್ಸಿಯಲ್ ಧಾರಾಳವಾಗಿ ಸಾಕು.

ಅಳತೆಯಲ್ಲಿ ಅಗಲ ಮಾತ್ರ ನೋಡಬೇಡಿ, ಆಳವನ್ನೂ ಕೇಳಿ. ಗಾಜು ಪೂರ್ತಿ ಇಳಿಸಿದಾಗ ಮ್ಯಾಗ್ನೆಟ್‌ಗೆ ತಾಗಬಾರದು. ಪ್ಯಾಡ್ ಮುಚ್ಚೋ ಮುಂಚೆ ಗಾಜು ಇಳಿಸಿ ಏರಿಸಿ ತೋರಿಸು ಅಂತ ಹೇಳಿ.

ವೈರ್ ಕತ್ತರಿಸೋಕೆ ಬಿಡಬೇಡಿ. ನಿಮ್ಮ ಕಾರಿನ ಕಪ್ಲರ್ ಸಿಗುತ್ತೆ, ಸಿಕ್ಕಿಸಿದ್ರೆ ಆಯ್ತು, ನಾಳೆ ಬೇಕಾದ್ರೆ ಹಳೇದನ್ನ ಹಾಗೇ ವಾಪಸ್ ಹಾಕಬಹುದು. ಹೊಸ ಕಾರಾದ್ರೆ ವಾರಂಟಿ ಪ್ರಶ್ನೆಯೂ ಇದೆ. ಪ್ಲಸ್ ಮೈನಸ್ ಒಂದು ಕಡೆ ಅದಲುಬದಲು ಆದ್ರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ, ಬೇಸ್ ಮಾಯ. ಹೊಸ ಸ್ಪೀಕರ್ ಹಾಕಿಸಿದ ಮೇಲೂ ಸಪ್ಪೆ ಅನ್ಸಿದ್ರೆ ಮೊದಲು ಇದನ್ನೇ ನೋಡಿಸಿ.

ಆಂಪ್ಲಿಫೈಯರ್ ಬೇಕಾ? ಆರು ತಿಂಗಳು ಕೇಳಿ, ಆಮೇಲೆ ಯೋಚಿಸಿ. ಹಾಕಿಸೋದೇ ಆದ್ರೆ ಬ್ಯಾಟರಿಯಿಂದ ಬರೋ ದಪ್ಪ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ವೈರ್ ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಸುಲಿದ್ರೆ ಕಾರಿಗೆ ಬೆಂಕಿ ಬೀಳದ ಹಾಗೆ ಕಾಯೋದು ಆ ಸಣ್ಣ ಫ್ಯೂಸ್ ಮಾತ್ರ. ಇದರಲ್ಲಿ ಮಾತ್ರ ಚೌಕಾಸಿ ಬೇಡ.

ಇನ್ನು ಜೋರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಅದು ಪಕ್ಕದ ಮನೆಯವರ ಕಿವಿಗಾಯ್ತು. ನಮ್ಮ ಕಿವಿಗೆ? ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 40 ಗಂಟೆ 80 ಡೆಸಿಬೆಲ್ ತನಕ ಪರವಾಗಿಲ್ಲ ಅಂತ. ಅದರ ಮೇಲೆ ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧ ಅರ್ಧ ಇಳಿಯುತ್ತೆ. 20 ವ್ಯಾಟ್‌ನ ಒಳ್ಳೇ ಸ್ಪೀಕರ್ ಮುಚ್ಚಿದ ಗಾಜಿನ ಚಿಕ್ಕ ಕಾರಿನಲ್ಲಿ ಈ ಮಿತಿಯನ್ನ ಸಲೀಸಾಗಿ ದಾಟುತ್ತೆ. ಅಂದ್ರೆ ನಮಗೆ ಬೇಕಿದ್ದ ಜೋರು ಮೊದಲಿಂದಲೂ ಕಾರಿನಲ್ಲೇ ಇತ್ತು, ಇಲ್ಲದೇ ಇದ್ದಿದ್ದು ಸ್ಪಷ್ಟತೆ. ಸ್ಪಷ್ಟವಾಗಿ ಕೇಳಿದ್ರೆ ಜೋರು ಮಾಡಬೇಕು ಅನ್ನಿಸೋದೇ ಕಡಿಮೆ.

ನೂರು ವರ್ಷ ಜೆನ್ಸನ್, ರೈಸ್, ಕೆಲ್ಲಾಗ್, ಬೋಸ್ ಎಲ್ಲರೂ ಒದ್ದಾಡಿದ್ದು ಹಾಡುಗಾರ ನಮ್ಮೆದುರಿಗೇ ಕೂತು ಹಾಡಿದ ಹಾಗೆ ಕೇಳಿಸಬೇಕು ಅಂತ. ಹರಿಹರದ ಸೇತುವೆ ದಾಟುವಾಗ ಅನಂತಸ್ವಾಮಿಯವರ ಹಾಡಿನಲ್ಲಿ ಒಂದೊಂದು ಪದವೂ ಬಿಡಿಸಿ ಕೇಳಿದ್ರೆ ನಿಮ್ಮ ಸ್ಪೀಕರ್ ಸರಿ ಇದೆ ಅಂತ ಅರ್ಥ. ಡಬ್ಬಿ ಮೇಲೆ ಎಷ್ಟೇ ಬರೆದಿರಲಿ.